ಮಳೆಯ ಲೆಕ್ಕ, ಮನೆಯ ಲೆಕ್ಕ: ಮಲೆಸೀಮೆಯ ಕಾದಂಬರಿಗಳಲ್ಲಿ ಋತುಮಾನ ಮತ್ತು ಕುಟುಂಬ

ಕುವೆಂಪು ಅವರ ಕಾದಂಬರಿಗಳನ್ನು ಪಠ್ಯವಾಗಿ ಓದಿದವರಿಗೆ ಎರಡು ಪರೀಕ್ಷಾ ಪ್ರಶ್ನೆಗಳು ಚಿರಪರಿಚಿತವಾಗಿವೆ. ಕಾದಂಬರಿಯಲ್ಲಿ ಬರುವ ಪ್ರಕೃತಿವರ್ಣನೆಯನ್ನು ವಿವರಿಸಿ ಎಂಬುದು ಒಂದು. ಅವಿಭಕ್ತ ಕುಟುಂಬದ ಚಿತ್ರಣವನ್ನು ಕುರಿತು ಚರ್ಚಿಸಿ ಎಂಬುದು ಇನ್ನೊಂದು. ವಿದ್ಯಾರ್ಥಿಯಾಗಿ ಈ ಎರಡಕ್ಕೂ ಬೇರೆಬೇರೆ ಉತ್ತರಗಳನ್ನು ಬರೆದವನು ನಾನು. ಮುಂದೆ ಅಧ್ಯಾಪಕನಾಗಿ ಅಂಥವೇ ಉತ್ತರಗಳನ್ನು ನೂರಾರು ಸಂಖ್ಯೆಯಲ್ಲಿ ತಿದ್ದಿದವನೂ ಹೌದು. ಮೊದಲನೆಯ ಉತ್ತರದಲ್ಲಿ ಕಾಡು, ಮಂಜು, ಸೂರ್ಯೋದಯ, ಜಡಿಮಳೆ ಬರುತ್ತವೆ. ಎರಡನೆಯದರಲ್ಲಿ ಯಜಮಾನ, ಹೆಗ್ಗಡಿತಿ, ದಾಯಾದಿ, ಪಾಲು ಬರುತ್ತವೆ. ಒಂದರ ಮಾತು ಇನ್ನೊಂದರಲ್ಲಿ ತಪ್ಪಿಯೂ ಬರುವುದಿಲ್ಲ. ಈ ವಿಂಗಡಣೆ ನಮ್ಮ ವಿಮರ್ಶೆಯಿಂದಲೇ ತರಗತಿಗೆ ಇಳಿದು ಬಂದುದು ಎಂಬುದು ಪ್ರಸ್ತುತ ಪ್ರಬಂಧದ ಪೂರ್ವಪಕ್ಷ. ಮಳೆಯನ್ನು ಬಿಟ್ಟು ಮಲೆನಾಡಿನ ಮನೆಯನ್ನು ಓದಲು ಬರುವುದಿಲ್ಲ, ಮನೆಯನ್ನು ಬಿಟ್ಟು ಓದಿದ ಮಳೆ ಬರಿಯ ಅಲಂಕಾರವಾಗುತ್ತದೆ ಎಂಬುದನ್ನು ಕೆಲವು ಕೃತಿಗಳ ಮೂಲಕ ಪರಿಶೀಲಿಸುವುದು ಇಲ್ಲಿಯ ಉದ್ದೇಶ.

ಈ ವಿಂಗಡಣೆಗೆ ಹಳೆಯ ಬೇರುಂಟು. ನಮ್ಮ ಮಹಾಕಾವ್ಯಗಳ ಅಷ್ಟಾದಶ ವರ್ಣನೆಗಳಲ್ಲಿ ಋತುವರ್ಣನೆಯೂ ಒಂದು. ಅಲ್ಲಿ ಋತುಗಳು ಆರು. ಅವುಗಳ ಕ್ರಮ, ಅವುಗಳ ಹೂವು, ಅವುಗಳ ಹಕ್ಕಿ ಎಲ್ಲವೂ ಪೂರ್ವನಿಶ್ಚಿತ. ಕತೆ ಒಂದು ಕಡೆ ನಿಂತಿರುತ್ತದೆ, ವರ್ಣನೆ ನಡೆಯುತ್ತದೆ, ವರ್ಣನೆ ಮುಗಿದ ಮೇಲೆ ಕತೆ ಮತ್ತೆ ಹೊರಡುತ್ತದೆ. ಹೊಸಗನ್ನಡದ ಕಾದಂಬರಿಯನ್ನು ಓದುವಾಗಲೂ ನಾವು ಈ ಅಭ್ಯಾಸವನ್ನು ಕೈಬಿಡಲಿಲ್ಲ. ಮಲೆನಾಡಿನ ಕೃಷಿಕನ ಪಂಚಾಂಗದಲ್ಲಾದರೋ ಆರು ಋತುಗಳಿಗೆ ಹೆಚ್ಚಿನ ಕೆಲಸವಿಲ್ಲ. ಅವನಿಗೆ ಇರುವುದು ಬೇಸಿಗೆ, ಮಳೆಗಾಲ, ಚಳಿಗಾಲ ಎಂಬ ಮೂರು ಕಾಲ. ಮಳೆಗಾಲದೊಳಗೆ ನಕ್ಷತ್ರಗಳ ಲೆಕ್ಕ. ಸೂರ್ಯನು ಒಂದೊಂದು ನಕ್ಷತ್ರದಲ್ಲಿ ಇರುವ ಹದಿಮೂರು ಹದಿನಾಲ್ಕು ದಿನಗಳಿಗೆ ಒಂದೊಂದು ಮಳೆ. ರೋಹಿಣಿ, ಮೃಗಶಿರ, ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷ, ಮಖೆ ಎಂಬ ಈ ಹೆಸರುಗಳು ಕವಿಸಮಯಕ್ಕೆ ಸೇರಿದವಲ್ಲ. ಬೀಜ ಯಾವಾಗ ಹಾಕಬೇಕು, ನಟ್ಟಿ ಯಾವಾಗ ಮುಗಿಯಬೇಕು, ಆಳುಗಳನ್ನು ಯಾವಾಗ ಕರೆಯಬೇಕು, ಮಗಳನ್ನು ಯಾವಾಗ ತವರಿಗೆ ತರಬೇಕು ಎಂಬುದರ ಲೆಕ್ಕ ಅದು. ಆ ಲೆಕ್ಕ ಯಾರ ಕೈಯಲ್ಲಿದೆಯೋ ಅವನು ಮನೆಯ ಯಜಮಾನ.

ಆಗುಂಬೆಯ ಆಸುಪಾಸಿನಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಮಿಕ್ಕ ಮಳೆ ಬೀಳುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ. ಈ ಅಂಕಿಯನ್ನು ಮನೆಯ ಭಾಷೆಗೆ ತಿರುಗಿಸಿ ನೋಡಬೇಕು. ನಾಲ್ಕು ತಿಂಗಳು ಹೊರಗಿನ ಸಂಚಾರ ಕಡಿಮೆ. ಒಣಕಟ್ಟಿಗೆ, ದರಗು, ಉಪ್ಪು, ಹಲಸಿನ ಹಪ್ಪಳ, ಮಿಡಿ ಉಪ್ಪಿನಕಾಯಿ ಎಲ್ಲವೂ ಮೇ ತಿಂಗಳ ಕೊನೆಯೊಳಗೆ ಒಳಗೆ ಸೇರಿರಬೇಕು. ಸೇರದಿದ್ದರೆ ಅದು ಹೆಂಗಸರ ಸೋಮಾರಿತನವೆನಿಸುತ್ತದೆ. ಒಂದೇ ಸೂರಿನ ಕೆಳಗೆ ಅಣ್ಣನ ಹೆಂಡತಿ, ತಮ್ಮನ ಹೆಂಡತಿ, ವಿಧವೆಯಾದ ಅತ್ತಿಗೆ, ಬಾಣಂತಿ, ಹಾಸಿಗೆ ಹಿಡಿದ ಮುದುಕ. ಒಣಗದ ಬಟ್ಟೆ, ಬಚ್ಚಲೊಲೆಯ ಹೊಗೆ. ಅವಿಭಕ್ತ ಕುಟುಂಬದ ಜಗಳಗಳನ್ನು ಸ್ವಭಾವದ ದೋಷಗಳೆಂದು ಬಗೆಯುವ ವಿಮರ್ಶಕರು ಈ ನಾಲ್ಕು ತಿಂಗಳುಗಳನ್ನು ಲೆಕ್ಕಕ್ಕೆ ಹಿಡಿದಿಲ್ಲವೆಂದೇ ತೋರುತ್ತದೆ.

ಕುವೆಂಪು ಅವರ ‘ಕಾನೂರು ಹೆಗ್ಗಡಿತಿ’ 1936ರಲ್ಲಿ ಪ್ರಕಟವಾಯಿತು. ಮೈಸೂರಿನಲ್ಲಿ ಓದುತ್ತಿದ್ದ ಹೂವಯ್ಯ, ರಾಮಯ್ಯ ಎಂಬ ಇಬ್ಬರು ಯುವಕರು ರಜೆಗೆ ಊರಿಗೆ ಬರುವುದರಿಂದ ಕತೆ ಆರಂಭವಾಗುತ್ತದೆ. ದಾರಿಯಲ್ಲಿ ಗಾಡಿ ಉರುಳಿ ಹೂವಯ್ಯನಿಗೆ ಪೆಟ್ಟಾಗುತ್ತದೆ. ಅವನನ್ನು ಮುತ್ತಳ್ಳಿಗೆ ಒಯ್ಯುವುದು, ಅಲ್ಲಿ ಸೀತೆಯ ಆರೈಕೆ, ಅದರಿಂದ ಹುಟ್ಟುವ ಪ್ರೇಮ, ಇವೆಲ್ಲ ಸರ್ವವಿದಿತ. ಗಮನಾರ್ಹವಾದ ಸಂಗತಿ ಬೇರೊಂದಿದೆ. ಈ ಯುವಕರು ಬರುವುದು ರಜೆಯ ಕಾಲಕ್ಕೆ. ರಜೆ ಎಂಬುದು ಶಾಲೆಯ ಕಾಲಗಣನೆ. ಮಲೆನಾಡಿನ ಮನೆಗೆ ಅದು ಪರಕೀಯ. ಚಂದ್ರಯ್ಯಗೌಡರ ಕಾಲ ಗದ್ದೆ ತೋಟಗಳದ್ದು, ಭೂತಕ್ಕೆ ಬಲಿ ಕೊಡುವ ಹರಕೆಯದ್ದು. ಅವರ ಅಣ್ಣನ ಮಗನ ಕಾಲ ಕಾಲೇಜಿನದ್ದು, ಪುಸ್ತಕದ್ದು. ಚಿಕ್ಕಪ್ಪನಿಗೂ ಮಗನಿಗೂ ನಡುವೆ ಬರುವ ವಿರಸವನ್ನು ಹಳತು ಹೊಸತುಗಳ ಸಂಘರ್ಷವೆಂದು ನಾವು ಸಾಮಾನ್ಯವಾಗಿ ವಿವರಿಸುತ್ತೇವೆ. ಆ ವಿವರಣೆ ತಪ್ಪಲ್ಲ, ಆದರೆ ತೆಳುವಾದುದು. ಒಂದೇ ಮನೆಯಲ್ಲಿ ಎರಡು ಪಂಚಾಂಗಗಳು ನಡೆಯತೊಡಗಿದಾಗ ಯಜಮಾನಿಕೆಯ ಅಡಿಗಲ್ಲೇ ಅಲುಗುತ್ತದೆ. ಯಾವ ದಿನ ಏನು ನಡೆಯಬೇಕೆಂದು ಹೇಳುವ ಅಧಿಕಾರವನ್ನು ಬಿಟ್ಟರೆ ಚಂದ್ರಯ್ಯಗೌಡರಿಗೆ ಉಳಿಯುವುದು ಗದರಿಕೆ ಮಾತ್ರ. ಆಸ್ತಿ ಪಾಲಾಗಿ ಹೂವಯ್ಯ ಕೆಳಕಾನೂರಿಗೆ ಹೋಗುವುದು ಈ ಒಡಕಿನ ಕಾನೂನಾತ್ಮಕ ರೂಪವಷ್ಟೆ.

ಈ ಕಾದಂಬರಿಯಲ್ಲಿ ಋತುಮಾನವು ಮನೆಯೊಳಕ್ಕೆ ಬರುವ ಇನ್ನೊಂದು ಬಾಗಿಲು ಸೇರೆಗಾರ ರಂಗಪ್ಪಸೆಟ್ಟರದು. ಮಲೆನಾಡಿನ ತೋಟಗಳಿಗೆ ಘಟ್ಟದ ಕೆಳಗಿನಿಂದ ಆಳುಗಳನ್ನು ಕರೆತರುವ ಮೇಸ್ತ್ರಿಗೆ ಸೇರೆಗಾರನೆಂದು ಹೆಸರು. ಮುಂಗಡ ಹಣ ಪಡೆದು ದೀಪಾವಳಿಯ ಹಿಂದುಮುಂದಿನಲ್ಲಿ ತಂಡ ಕಟ್ಟಿಕೊಂಡು ಘಟ್ಟ ಹತ್ತುವುದು, ಮಳೆ ಹಿಡಿಯುವ ಮೊದಲು ಊರಿನ ಗದ್ದೆಗಳಿಗೆ ಮರಳುವುದು, ಹೀಗೆ ಕರಾವಳಿ ಮತ್ತು ಮಲೆನಾಡುಗಳ ನಡುವೆ ವರ್ಷವರ್ಷವೂ ನಡೆಯುತ್ತಿದ್ದ ವಲಸೆಯ ಪದ್ಧತಿಯೊಂದಿತ್ತು. ಅಂದರೆ ಸೇರೆಗಾರನು ಋತುವಿನೊಡನೆ ಬರುವ ಮನುಷ್ಯ. ಅವನಿಲ್ಲದೆ ತೋಟ ನಡೆಯದು. ಅವನು ಮನೆಯವನೂ ಅಲ್ಲ, ಹೊರಗಿನವನೂ ಅಲ್ಲ. ಮೂರನೆಯ ಹೆಂಡತಿಯಾಗಿ ಕಾನೂರಿಗೆ ಬಂದು, ಎಳೆಯ ವಯಸ್ಸಿನಲ್ಲಿಯೇ ವಿಧವೆಯಾಗಿ, ಯಜಮಾನಿಕೆಯನ್ನೂ ಒಂಟಿತನವನ್ನೂ ಒಟ್ಟಿಗೆ ಹೊರಬೇಕಾದ ಸುಬ್ಬಮ್ಮನ ಬದುಕಿನೊಳಕ್ಕೆ ಅವನು ಪ್ರವೇಶಿಸುವುದು ಈ ಸಂದಿಯಿಂದ. ಅವನನ್ನು ಬರಿಯ ಖಳನೆಂದೂ ಅವಳನ್ನು ಬರಿಯ ಜಾರಿದ ಹೆಣ್ಣೆಂದೂ ಓದಿದರೆ ಕಾದಂಬರಿ ನೀತಿಕತೆಯಾಗುತ್ತದೆ. ಕುವೆಂಪು ಅವರೇ ಕೆಲವೆಡೆ ಆ ನೀತಿಯ ಕಡೆಗೆ ವಾಲುತ್ತಾರೆ ಎಂಬುದನ್ನು ಒಪ್ಪಬೇಕು. ಹೂವಯ್ಯನ ಆಧ್ಯಾತ್ಮಿಕ ಔನ್ನತ್ಯಕ್ಕೆ ಅವರು ಕೊಟ್ಟಷ್ಟು ಪುಟಗಳ ಸಹಾನುಭೂತಿಯನ್ನು ಸುಬ್ಬಮ್ಮನ ಒಳಗಿಗೆ ಕೊಟ್ಟಿಲ್ಲ. ಕೃತಿಯ ಹೆಸರು ಮಾತ್ರ ಅವಳದು.

ಇಲ್ಲಿ ಒಂದು ಹಬ್ಬದ ಮಾತನ್ನು ತರುವುದು ಅಗತ್ಯ. ಆಶ್ವಯುಜ ಮಾಸದ ಹುಣ್ಣಿಮೆಗೆ ಮಲೆನಾಡಿನಲ್ಲಿ ಭೂಮಿ ಹುಣ್ಣಿಮೆ. ಪೈರು ಹೊಡೆ ತುಂಬಿ ನಿಂತಿರುವ ಕಾಲ. ಭೂಮಿ ಗರ್ಭಿಣಿಯಾಗಿದ್ದಾಳೆ, ಅವಳ ಬಯಕೆ ತೀರಿಸಬೇಕು ಎಂಬುದು ಆಚರಣೆಯ ತಿರುಳು. ರಾತ್ರಿಯಿಡೀ ಹೆಂಗಸರು ಬಗೆಬಗೆಯ ಸೊಪ್ಪು, ಕಾಯಿ, ಕಡುಬುಗಳ ಅಡುಗೆ ಮಾಡುತ್ತಾರೆ. ಬೆಳಕು ಹರಿಯುವ ಮುನ್ನ ಗಂಡಸರು ಬುಟ್ಟಿ ಹೊತ್ತು ಗದ್ದೆಗೆ ಹೋಗಿ ಪೂಜಿಸಿ, ಚರಗ ಚೆಲ್ಲುತ್ತಾರೆ. ದೀವರ ಹೆಣ್ಣುಮಕ್ಕಳು ಕೆಮ್ಮಣ್ಣು ಸಾರಿಸಿ ಅಕ್ಕಿಹಿಟ್ಟಿನ ಬಿಳಿ ಗೆರೆಗಳಲ್ಲಿ ಚಿತ್ತಾರ ಬರೆಯುವ ಭೂಮಣ್ಣಿ ಬುಟ್ಟಿ ಈ ಹಬ್ಬದ್ದೇ. ಮನೆಯ ಹೆಣ್ಣಿಗೆ ನಡೆಸುವ ಸೀಮಂತವನ್ನು ನೆಲಕ್ಕೆ ನಡೆಸುವ ಈ ಸಂಸ್ಕೃತಿಯಲ್ಲಿ ಋತುವು ಕುಟುಂಬದ ಹೊರಗಿನ ಸಂಗತಿಯಲ್ಲ. ಅದಕ್ಕೆ ಬಂಧುತ್ವದ ಸ್ಥಾನವಿದೆ. ಇದನ್ನು ಜಾನಪದ ವಿದ್ವಾಂಸರು ಮೆಚ್ಚುಗೆಯಿಂದ ವಿವರಿಸಿದ್ದಾರೆ, ಮೆಚ್ಚತಕ್ಕದ್ದೇ. ಆದರೆ ಅದೇ ಸೀಮೆಯ ಕಾದಂಬರಿಯಲ್ಲಿ ಸುಬ್ಬಮ್ಮ ಸಾಯುವುದು ಬಸಿರು ಇಳಿಸಿಕೊಳ್ಳಲು ಹೋಗಿ. ಸಕಾಲದಲ್ಲಿ ತುಂಬಿದ ನೆಲದ ಬಸಿರಿಗೆ ಬುಟ್ಟಿ ತುಂಬ ಬಯಕೆಯ ಅನ್ನ. ಕಾಲ ಮೀರಿದ, ಗಂಡನಿಲ್ಲದ ಹೆಣ್ಣಿನ ಬಸಿರಿಗೆ ಕಷಾಯ ಮತ್ತು ಸಾವು. ಈ ಎರಡನ್ನೂ ಒಟ್ಟಿಗೆ ಇಟ್ಟು ನೋಡದೆ ಮಲೆನಾಡಿನವರು ಪ್ರಕೃತಿಯೊಡನೆ ಸಾಮರಸ್ಯದಿಂದ ಬದುಕಿದರು ಎಂದು ಬರೆಯುವುದು ಅರ್ಧಸತ್ಯ. ಸಾಮರಸ್ಯವಿತ್ತು, ಅದರ ಒಳಗೆ ಯಾರು ಸೇರುತ್ತಾರೆ ಎಂಬುದನ್ನು ಮನೆಯು ತೀರ್ಮಾನಿಸುತ್ತಿತ್ತು.

ಮಳೆಯು ಮನೆಯ ಮೇಲೆ ಹಿಡಿತ ಸಾಧಿಸುವ ಬಗೆಯನ್ನು ಅರಿಯಲು ಅಡಿಕೆಯ ಕೊಳೆರೋಗಕ್ಕಿಂತ ಸ್ಪಷ್ಟವಾದ ಉದಾಹರಣೆ ಇಲ್ಲ. ಬಿಡದೆ ಸುರಿಯುವ ಮಳೆಗೆ ಫೈಟೊಫ್ತೊರ ಎಂಬ ಶಿಲೀಂಧ್ರಸದೃಶ ಜೀವಿ ಎಳೆಯ ಕಾಯಿಗಳಿಗೆ ಹತ್ತಿ, ಕಾಯಿ ಕೊಳೆತು ಉದುರುತ್ತದೆ. ಒಂದು ಕೆಟ್ಟ ಆಷಾಢ ವರ್ಷದ ಫಸಲನ್ನು ನೆಲಕ್ಕೆ ಇಳಿಸಬಲ್ಲದು. ಹಿಂದೆ ಗೊನೆಗಳಿಗೆ ಕೊಟ್ಟೆ ಕಟ್ಟಿ ಮಳೆ ತಡೆಯುತ್ತಿದ್ದರು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಈ ರೋಗವನ್ನು ಕುರಿತ ತಮ್ಮ ಅಧ್ಯಯನವನ್ನು 1910ರಲ್ಲಿ ಪ್ರಕಟಿಸಿದರು. ಮೈಲುತುತ್ತ ಮತ್ತು ಸುಣ್ಣಗಳ ಬೋರ್ಡೋ ದ್ರಾವಣದ ಬಳಕೆ ಆ ಬಳಿಕ ನಿಧಾನವಾಗಿ ಹಬ್ಬಿತು. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರು ನೀರು ಎಂಬುದು ಇಂದಿಗೂ ರೂಢಿಯಲ್ಲಿರುವ ಅಳತೆ. ಮಳೆ ಹಿಡಿಯುವ ಮುನ್ನ ಒಮ್ಮೆ, ನಲವತ್ತು ನಲವತ್ತೈದು ದಿನಗಳ ಬಳಿಕ ಬಿಸಿಲು ತೆರೆದ ಹೊತ್ತು ನೋಡಿ ಇನ್ನೊಮ್ಮೆ ಸಿಂಪಡಿಸಬೇಕು. ಆ ತೆರೆದ ಹೊತ್ತು ಸಿಕ್ಕದಿದ್ದರೆ? ಮಂಡಿಯಿಂದ ತಂದ ಮುಂಗಡ ಸಾಲವಾಗಿ ಉಳಿಯುತ್ತದೆ, ಮಗಳ ಮದುವೆ ಮುಂದಿನ ವರ್ಷಕ್ಕೆ ಹೋಗುತ್ತದೆ, ಮಗನ ಓದು ನಿಲ್ಲುತ್ತದೆ. ಹೀಗಿರುವಾಗ ಕಾದಂಬರಿಯಲ್ಲಿ ಒಬ್ಬ ಗೌಡ ಜಗಲಿಯಲ್ಲಿ ಕುಳಿತು ಮಳೆ ನೋಡುತ್ತಾನೆಂದರೆ ಅವನು ನೋಡುತ್ತಿರುವುದು ಸೌಂದರ್ಯವನ್ನೇ ಆಗಿರಬೇಕೆಂದು ನಾವು ಏಕೆ ಭಾವಿಸಬೇಕು? ಸೌಂದರ್ಯವನ್ನು ನೋಡುವವನು ಹೂವಯ್ಯ. ನೋಟದ ಈ ವ್ಯತ್ಯಾಸ ಪಾತ್ರಗಳ ಸಂಸ್ಕಾರದ ವ್ಯತ್ಯಾಸ ಮಾತ್ರವಲ್ಲ. ಫಸಲಿನ ಹೊಣೆ ಯಾರ ಮೇಲಿದೆ ಎಂಬುದರ ವ್ಯತ್ಯಾಸವೂ ಹೌದು.

1967ರ ‘ಮಲೆಗಳಲ್ಲಿ ಮದುಮಗಳು’ ಈ ವಿಷಯದಲ್ಲಿ ಬಹಳ ಮುಂದೆ ಹೋಗುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ ನಡೆಯುವ ಈ ಕತೆಯಲ್ಲಿ ನೋಟದ ಒಡೆತನ ಒಬ್ಬನದಾಗಿ ಉಳಿಯುವುದಿಲ್ಲ. ಹೂವಯ್ಯನಂಥ ಕಣ್ಣೊಂದು ಇಲ್ಲದಿರುವುದೇ ಈ ಕೃತಿಯ ಬಲ. ಮದುವೆ ಎಂಬುದು ಮನೆತನಗಳ ಪಾಲಿಗೆ ಲಗ್ನದ ಕಾಲದಲ್ಲಿ, ಮುಹೂರ್ತ ನೋಡಿ, ಚಪ್ಪರ ಹಾಕಿ ನಡೆಯಬೇಕಾದದ್ದು. ಸಿಂಬಾವಿಯ ಜೀತದಾಳು ಗುತ್ತಿಗೂ ಬೆಟ್ಟಳ್ಳಿಯ ತಿಮ್ಮಿಗೂ ಈ ಪಂಚಾಂಗದಲ್ಲಿ ಜಾಗವಿಲ್ಲ. ಇಬ್ಬರೂ ಬೇರೆಬೇರೆ ಒಡೆಯರ ಸೊತ್ತು. ತಿಮ್ಮಿಯನ್ನು ಯಾರಿಗೆ ಕೊಡಬೇಕೆಂಬುದು ಒಡೆಯರ ನಡುವಿನ ವ್ಯವಹಾರ. ಆದ್ದರಿಂದ ಅವರ ಮದುವೆ ಓಟವಾಗಿ ಮಾತ್ರ ನಡೆಯಬಲ್ಲದು. ಚಿನ್ನಮ್ಮ ಗೌಡರ ಜಾತಿಯ ಮನೆಯ ಹುಡುಗಿ. ತನ್ನ ಇಚ್ಛೆಗೆ ವಿರುದ್ಧವಾದ ಮದುವೆಯಿಂದ ಪಾರಾಗಲು ಅವಳೂ ರಾತ್ರಿಯ ಕಾಡಿನಲ್ಲಿ ಹುಲಿಕಲ್ಲು ನೆತ್ತಿಗೆ ಓಡುತ್ತಾಳೆ. ಮನೆಯಲ್ಲಿ ಸಲ್ಲದ ಮದುವೆಗಳಿಗೆ ಕಾಡೂ ಹೊಳೆಯೂ ಎಡೆಕೊಡುತ್ತವೆ ಎಂದು ಇದನ್ನು ಸರಳವಾಗಿ ಓದಿಬಿಡಬಹುದಿತ್ತು. ಆದರೆ ಕುವೆಂಪು ಅಷ್ಟು ಸುಲಭವಾಗಿ ಬಿಡುವುದಿಲ್ಲ. ಕೊನೆಯಲ್ಲಿ ನೆರೆ ಬಂದ ತುಂಗೆಯನ್ನು ಗುತ್ತಿ ತಿಮ್ಮಿಯರು ದಾಟುವಾಗ ಗುತ್ತಿಯ ನಾಯಿ ಹುಲಿಯ ಪ್ರವಾಹದಲ್ಲಿ ಕೊಚ್ಚಿ ಹೋಗುತ್ತದೆ. ಮದುಮಗಳನ್ನು ದಾಟಿಸಿದ ಹೊಳೆಯೇ ಮನೆಯವನಂತಿದ್ದ ನಾಯಿಯನ್ನು ಉಳಿಸಿಕೊಳ್ಳುತ್ತದೆ. ಗುತ್ತಿಯ ಪಾಲಿಗೆ ಅದುವರೆಗೆ ಕುಟುಂಬವೆಂದಿದ್ದದ್ದು ಆ ನಾಯಿಯೇ ಅಲ್ಲವೆ? ಹೊಸ ಕುಟುಂಬ ಕಟ್ಟಿಕೊಳ್ಳಲು ಅವನು ಹಳೆಯ ಕುಟುಂಬವನ್ನು ಮಳೆಗಾಲದ ಹೊಳೆಗೆ ತೆರಬೇಕಾಯಿತು. ಈ ಭಾಗವನ್ನು ತರಗತಿಯಲ್ಲಿ ಓದಿದಾಗಲೆಲ್ಲ ಒಂದಿಬ್ಬರಾದರೂ ಕಣ್ಣೊರೆಸಿಕೊಂಡದ್ದನ್ನು ನೋಡಿದ್ದೇನೆ. ಅದನ್ನು ಭಾವುಕತೆಯೆಂದು ತಳ್ಳಿಹಾಕುವ ಧೈರ್ಯ ನನಗಿಲ್ಲ.

ಶಿವರಾಮ ಕಾರಂತರ ‘ಬೆಟ್ಟದ ಜೀವ’ (1943) ಘಟ್ಟದ ಇನ್ನೊಂದು ಮಗ್ಗುಲಿನದು. ಕುಮಾರಪರ್ವತದ ತಪ್ಪಲು, ಸುಬ್ರಹ್ಮಣ್ಯದ ಸಮೀಪದ ಕಾಡು. ಗೋಪಾಲಯ್ಯ, ಶಂಕರಮ್ಮ ಎಂಬ ಮುದಿ ದಂಪತಿ. ದಾರಿ ತಪ್ಪಿದ ಅಪರಿಚಿತನೊಬ್ಬ ಅವರ ಮನೆಗೆ ಬಂದು ಕೆಲವು ದಿನ ಉಳಿದು ಹೋಗುವುದಷ್ಟೇ ಕತೆ. ಕುವೆಂಪು ಅವರ ಮನೆಗಳು ಜನ ತುಂಬಿ ಬಿರಿಯುವಂಥವು. ಕಾರಂತರ ಈ ಮನೆ ಖಾಲಿ. ಮಗ ಶಂಭು ಊರು ಬಿಟ್ಟು ಹೋಗಿದ್ದಾನೆ. ಮಗನಂತೆ ನಡೆದುಕೊಳ್ಳುವ ನಾರಾಯಣ ಹೆಂಡತಿ ಲಕ್ಷ್ಮಿಯೊಡನೆ ಕಾಟುಮೂಲೆಯ ತೋಟದಲ್ಲಿದ್ದಾನೆ. ಶಂಭು ಮರಳಿದರೆ ತನ್ನ ಗತಿಯೇನು ಎಂಬ ಅಳುಕು ನಾರಾಯಣನಿಗೆ. ಮರಳುವನೋ ಇಲ್ಲವೋ ಎಂಬ ಅಳಲು ಮುದುಕರಿಗೆ. ಕಾಡು ಕಡಿದು ತೋಟ ಎಬ್ಬಿಸಿದ ಗೋಪಾಲಯ್ಯನ ಛಲವನ್ನು ಜೀವನಪ್ರೀತಿಯ ಪ್ರತೀಕವೆಂದು ವಿಮರ್ಶೆ ಕೊಂಡಾಡಿದೆ. ನನಗೆ ಕಾಣುವಂತೆ ಈ ಕೃತಿಯ ಎದೆಯಲ್ಲಿರುವುದು ಕಾಲದ ಎರಡು ಅಳತೆಗಳ ನಡುವಿನ ನೋವು. ನೆಟ್ಟ ಅಡಿಕೆ ಸಸಿ ಫಲ ಕೊಡಲು ಐದಾರು ವರ್ಷ ಬೇಕು, ತೋಟ ತುಂಬಿ ನಿಲ್ಲಲು ಇನ್ನಷ್ಟು. ಮುಂದಿನ ತಲೆಮಾರು ಇಲ್ಲೇ ಇರುತ್ತದೆ ಎಂಬ ನಂಬಿಕೆಯಿಂದ ಮಾತ್ರ ಅಂಥ ಕೆಲಸಕ್ಕೆ ಕೈಹಾಕಲು ಸಾಧ್ಯ. ಮಳೆಗಾಲ ತಪ್ಪದೆ ಮರಳುತ್ತದೆ, ಮಗ ಮರಳುವುದಿಲ್ಲ. ಗೋಪಾಲಯ್ಯನ ವಿನೋದ, ಅತಿಥಿಸತ್ಕಾರ, ಬಿಸಿನೀರ ಅಭ್ಯಂಜನದ ಸಡಗರ, ಹೆಂಡತಿಯನ್ನು ಛೇಡಿಸುವ ಪರಿ, ಎಲ್ಲದರ ಹಿಂದೆಯೂ ಈ ಅಸಮತೆಯ ಅರಿವಿದೆ. ಕಾರಂತರು ಅದನ್ನು ಎಲ್ಲಿಯೂ ಎತ್ತಿ ಹೇಳುವುದಿಲ್ಲ. ಕೊನೆಯವರೆಗೂ ಶಂಭು ಮನೆಗೆ ಬರುವುದಿಲ್ಲ.

ಈ ಕೃತಿಗಳೆಲ್ಲದರಲ್ಲಿಯೂ ಋತುವನ್ನು ನೋಡುವವರು ಹೆಚ್ಚಾಗಿ ಜಗಲಿಯಲ್ಲಿ, ಅಂಗಳದಲ್ಲಿ, ತೋಟದಲ್ಲಿ ಇರುವವರು. ಅಡುಗೆಮನೆಯಿಂದ ಋತು ಹೇಗೆ ಕಾಣುತ್ತದೆ? ತೀರ್ಥಹಳ್ಳಿಯಲ್ಲಿ ಹುಟ್ಟಿದ ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ (1976) ಈ ಪ್ರಶ್ನೆಗೆ ಸಿಗುವ ಅಪರೂಪದ ಉತ್ತರ. ಬಾಲ್ಯದಲ್ಲಿಯೇ ವಿಧವೆಯಾಗಿ ತಲೆ ಬೋಳಿಸಿಕೊಂಡ ಹೆಂಗಸಿನ ವರ್ಷಕ್ಕೆ ಹಬ್ಬವಿಲ್ಲ, ಆಷಾಢದ ತವರಿಲ್ಲ, ಗೌರಿಯ ಬಾಗಿನವಿಲ್ಲ. ಏಕಾದಶಿ, ಒಪ್ಪೊತ್ತಿನ ಊಟ, ಮಡಿ, ಇತರರ ಬಾಣಂತನ, ಇತರರ ಮಕ್ಕಳ ಮದುವೆಯ ಕೆಲಸ, ಇವುಗಳಲ್ಲಿಯೇ ಅವಳ ದಿನಗಳು ಉರುಳುತ್ತವೆ. ಮಲೆನಾಡಿನ ಮಳೆ ಇಷ್ಟು ಕಡಿಮೆ ವರ್ಣಿತವಾದ ಮಲೆನಾಡಿನ ಕಾದಂಬರಿ ಇನ್ನೊಂದಿಲ್ಲವೇನೋ. ಇದು ಕೊರತೆಯಲ್ಲ. ಋತುವಿನ ಸೊಬಗನ್ನು ಅನುಭವಿಸಲು ಬೇಕಾದ ಬಿಡುವೂ ಹಕ್ಕೂ ಮನೆಯಲ್ಲಿ ಎಲ್ಲರಿಗೂ ಸಮನಾಗಿ ಹಂಚಿರಲಿಲ್ಲ ಎಂಬುದಕ್ಕೆ ಕೃತಿಯ ಈ ಮೌನವೇ ಸಾಕ್ಷಿ. ಆ ಮನೆಯಲ್ಲಿಯೇ ಇದ್ದು, ತಲೆ ಕೊಡಲೊಲ್ಲದ ಎಳೆಯ ವಿಧವೆಯ ಪರವಾಗಿ ಫಣಿಯಮ್ಮ ನಿಲ್ಲುತ್ತಾಳೆ. ಆ ನಿಲುವಿಗೆ ಅವಳು ಯಾವ ಪುಸ್ತಕವನ್ನೂ ಓದಬೇಕಾಗಲಿಲ್ಲ.

ಪೂರ್ಣಚಂದ್ರ ತೇಜಸ್ವಿಯವರಿಗೆ ಬರುವ ಹೊತ್ತಿಗೆ ಚಿತ್ರ ಬದಲಾಗಿದೆ. ‘ಕರ್ವಾಲೊ’ (1980)ದಲ್ಲಿ ತುಂಬಿದ ಮನೆಯಿಲ್ಲ. ಒಬ್ಬ ಕೃಷಿಕ, ಒಂದು ನಾಯಿ, ಕೆಲಸದವರು, ಒಬ್ಬ ವಿಜ್ಞಾನಿ, ಮತ್ತು ಜೇನಿನ ಗೀಳಿನ ಮಂದಣ್ಣ. 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿ ಗೇಣಿ ಪದ್ಧತಿಯನ್ನು ಕೊನೆಗೊಳಿಸಿದ ಬಳಿಕದ ಮಲೆನಾಡು ಇದು. ಹೆಗ್ಗಡೆಯ ಜಗಲಿಯಿಂದ ಮಳೆಯ ಲೆಕ್ಕ ಜಾರಿ, ಪ್ರಕೃತಿ ಈಗ ಕುತೂಹಲದ, ಸಂಶೋಧನೆಯ ವಿಷಯವಾಗಿದೆ. ಬಂಧುತ್ವದ ಭಾಷೆ ಹೋಗಿ ಜೀವವಿಕಾಸದ ಭಾಷೆ ಬಂದಿದೆ. ಇದು ಮುನ್ನಡೆಯೇ, ಆದರೂ ಭೂಮಿಗೆ ಬಯಕೆ ಹಾಕುವವರು ಈ ಪುಟಗಳಲ್ಲಿ ಎಲ್ಲಿ ಹೋದರು ಎಂದು ಕೇಳಬೇಕೆನಿಸುತ್ತದೆ.

ಈ ಓದು ಇಂದು ಅಗತ್ಯವೆನಿಸಲು ಕಾರಣವಿದೆ. 2018 ಮತ್ತು 2019ರ ಆಗಸ್ಟ್ ತಿಂಗಳುಗಳಲ್ಲಿ ಕೊಡಗಿನ ಗುಡ್ಡಗಳು ಕುಸಿದು ಮನೆ, ತೋಟ, ಜೀವಗಳು ಹೋದವು. ಮಲೆನಾಡಿನ ಅಡಿಕೆ ತೋಟಗಳಿಗೆ ಕೊಳೆಯ ಜೊತೆಗೆ ಎಲೆಚುಕ್ಕೆ ರೋಗವೂ ಹಬ್ಬಿದೆ. ನಕ್ಷತ್ರದ ಹೆಸರು ಹಿಡಿದು ಮಳೆಯನ್ನು ನಿರೀಕ್ಷಿಸುವುದು ಕಷ್ಟವಾಗಿದೆ ಎಂದು ತೋಟದವರು ಹೇಳುತ್ತಾರೆ. ಮಕ್ಕಳು ಬೆಂಗಳೂರಿನಲ್ಲಿ, ಹೊರದೇಶಗಳಲ್ಲಿ. ಮನೆಯಲ್ಲಿ ಇಬ್ಬರು ಮುದುಕರು. ಕಾರಂತರು ಎಂಬತ್ತು ವರ್ಷಗಳಿಗೂ ಹಿಂದೆ ಒಂದು ಅಪವಾದವಾಗಿ ಚಿತ್ರಿಸಿದ ಮನೆ ಈಗ ಊರಿಗೆ ಹತ್ತರಂತೆ ಸಿಗುತ್ತದೆ. ಇಂಥ ಹೊತ್ತಿನಲ್ಲಿ ಹಳೆಯ ಕಾದಂಬರಿಗಳ ಮಳೆಯನ್ನು ಕಳೆದುಹೋದ ವೈಭವವೆಂದು ಹಂಬಲಿಸುವುದು ಸುಲಭ. ಆ ಹಂಬಲದ ಎದುರಿಗೆ ಸುಬ್ಬಮ್ಮ, ತಿಮ್ಮಿ, ಫಣಿಯಮ್ಮ ಇದ್ದಾರೆ. ಹಾಗೆಂದು ಆ ಮನೆಗಳನ್ನು ಶೋಷಣೆಯ ಕೋಟೆಗಳೆಂದು ಒಂದೇ ಮಾತಿನಲ್ಲಿ ಮುಗಿಸಲು ಗೋಪಾಲಯ್ಯ ಶಂಕರಮ್ಮರು ಬಿಡುವುದಿಲ್ಲ.

ಕುಪ್ಪಳಿಯಲ್ಲಿ ಕುವೆಂಪು ಅವರ ಪೂರ್ವಿಕರ ಮನೆಯನ್ನು ದುರಸ್ತಿಗೊಳಿಸಿ ಸಂಗ್ರಹಾಲಯವಾಗಿ ಕಾಪಾಡಲಾಗಿದೆ. ಮರದ ಕಂಬಗಳು, ಅಂಗಳ, ಉಪ್ಪರಿಗೆ, ಹಿಂದಿನ ಕಾಲದ ಪಾತ್ರೆ ಪಡಗಗಳು ಅಚ್ಚುಕಟ್ಟಾಗಿವೆ. ಒಂದು ಆಷಾಢದ ಮಧ್ಯಾಹ್ನ ಅಲ್ಲಿಗೆ ಹೋಗಿದ್ದೆ. ಹೊರಗೆ ಕಾಣಲಾಗದಂಥ ಮಳೆ. ಪ್ರವಾಸಿಗರು ಅಂಗಳದ ಸೂರಿನಿಂದ ಬೀಳುವ ನೀರಿನ ಚಿತ್ರ ತೆಗೆದುಕೊಳ್ಳುತ್ತಿದ್ದರು. ವಯಸ್ಸಾದ ಹೆಂಗಸೊಬ್ಬರು ಮಾತ್ರ ಅಡುಗೆಮನೆಯ ಬಾಗಿಲಲ್ಲಿ ನಿಂತು, ಒಲೆಯಲ್ಲಿ ಬೆಂಕಿಯಿಲ್ಲದಿದ್ದರೆ ಈ ಮಳೆಗೆ ಗೋಡೆ ಹೇಗೆ ಒಣಗೀತು ಎಂದು ತಮ್ಮ ಸೊಸೆಯನ್ನು ಕೇಳಿದರು.